ಕೂಸಿನ ಹೆಸರು ಕೇಳಿದರು

16 ಏಪ್ರಿಲ್ 2023, ಭಾನುವಾರ. ಬೆಳಿಗ್ಗೆ 10

ಬರೆಯುವುದೆಂದರೆ ನನಗೆ ಆಗದು. ಸೊಸೆ ಮಾಲತಿ ಬಿಡಲಿಲ್ಲ. ಯಾವ ಫೋನು ಎಷ್ಟು ಗಂಟೆಗೆ ಬಂತು, ಯಾರು ಏನಂದರು, ಎಲ್ಲಾ ಬರೆದಿಡಬೇಕಂತೆ. "ಮಾಮಾ, ನೀವು ಫೋನ್ ತಗಂಡ್ರೆ ಕಿರಿಚ್ತೀರ. ಇಟ್ಟ ಮ್ಯಾಲೆ ಏನಂದ್ರು ಅಂತ ಕೇಳಿದ್ರೆ ಮರ್ತೋಯ್ತು ಅಂತೀರ. ಬರೀರಿ" ಅಂದಳು. ಮಗ ಗೋವಿಂದರಾಜನಿಗೆ ಲಾರಿ ಆಫೀಸಿನಲ್ಲಿ ಕೊಟ್ಟ ಡೈರಿ ತಂದು ತೊಡೆ ಮೇಲೆ ಹಾಕಿದಳು. ಹೋದ ವರ್ಷದ್ದು. ಅಚ್ಚಾದ ತಾರೀಕು, ವಾರ ಹೊಡೆದುಹಾಕಿ ಪಕ್ಕದಲ್ಲಿ ನಾನೇ ಬರೆಯಬೇಕು. ಇದೊಂದು ಕೆಲಸ ಬಾಕಿ ಇತ್ತು ನನಗೆ.

ಇವತ್ತು ಕುರಿಗೆ ಜಂತಿನ ಔಷಧಿ ಕುಡಿಸುವ ದಿನ. ಅರ್ಧ ಆಗಿದೆ. ಉಳಿದವು ಹಟ್ಟಿಯಲ್ಲಿ ಅರಚುತ್ತಿವೆ. ಕೈಯೆಲ್ಲ ಔಷಧಿ ವಾಸನೆ. ಆ ಕೈಯಲ್ಲೇ ಬರೆಯುತ್ತಿದ್ದೇನೆ.

ಕನ್ನಡದಲ್ಲಿ ಬರೆದರೆ ಮಾಲತಿಗೆ ಓದಲು ಬಾರದು. ಅವಳು ಓದಿದ್ದು ತಮಿಳು. ನನಗೆ ತಮಿಳು ಬೋರ್ಡು ಓದಲು ಬರುತ್ತದೆ, ಬರೆಯಲು ಬಾರದು. ಸೋದರಮಾವನ ಊರು ಕೊಳ್ಳೇಗಾಲದ ಕಡೆ. ಅಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಕನ್ನಡ ಇಷ್ಟು. ಆಮೇಲೆ ಕುರಿ. ಈ ತಮಿಳು ಸೀಮೆಯಲ್ಲಿ, ಕಾರಿಮಂಗಲಂ ಸುತ್ತಮುತ್ತ, ಇದನ್ನು ಓದುವವರು ಯಾರೂ ಇಲ್ಲ. ಅಷ್ಟು ಮಟ್ಟಿಗೆ ಒಳ್ಳೆಯದು.

ವಿಷಯಕ್ಕೆ ಬರುತ್ತೇನೆ. ಸುಡಾನ್ ದೇಶದಲ್ಲಿ ನಿನ್ನೆ ಬೆಳಿಗ್ಗೆ ಯುದ್ಧ ಶುರುವಾಗಿದೆ. ಹೊರಗಿನವರ ಜೊತೆ ಅಲ್ಲ. ಅವರವರಲ್ಲೇ, ಎರಡು ಸೈನ್ಯ. ಮಗಳು ಭಾಗ್ಯಲಕ್ಷ್ಮಿ ಅಲ್ಲಿದ್ದಾಳೆ, ಖಾರ್ಟೂಮ್ ಪಟ್ಟಣದಲ್ಲಿ. ಅಳಿಯ ಸುಬ್ರಮಣಿ ಅಲ್ಲಿ ಬೋರ್‌ವೆಲ್ ರಿಗ್ ಕಂಪನಿಯಲ್ಲಿ ಡ್ರಿಲ್ಲರ್. ಬಾಣಂತನಕ್ಕೆಂದು ಹೋದ ನನ್ನ ಹೆಂಡತಿ ಮಾರಕ್ಕನೂ ಅಲ್ಲೇ. ಮೊದಲ ಹೆರಿಗೆ ತವರಲ್ಲಿ ಆಗಬೇಕಿತ್ತು. ಆರನೇ ತಿಂಗಳಲ್ಲಿ ರಕ್ತ ಕಂಡಿತೆಂದು ಡಾಕ್ಟರು ವಿಮಾನ ಹತ್ತಬಾರದು ಅಂದರು. ಅದಕ್ಕೆ ಇವಳು ಹೋದಳು. ಸೇಲಂ ದಾಟಿ ಗೊತ್ತಿಲ್ಲದವಳು. ಕೂಸಿಗೆ ಇವತ್ತಿಗೆ ನಲವತ್ತೈದು ದಿನ. ಹೆಣ್ಣು.

8.40ಕ್ಕೆ ಮಾರಕ್ಕನ ಫೋನು.

"ಗೋಯಿಂದ್ನಪ್ಪಾ, ಇಲ್ಲಿ ಕಲ್ಲು ಬಂಡೆಗೆ ಮದ್ದು ಇಟ್ಟಂಗೆ ಒಡೀತಾವ್ರೆ. ಗೋಡೆ ಅದುರ್ತೈತೆ."

"ಕಿಟಕಿ ತಾವ ಓಗಬ್ಯಾಡ."

"ಕಿಟಕಿ ಎಲ್ಲೈತೆ? ಗಾಜು ನೆನ್ನೇನೇ ಓಯ್ತು."

"ಕೂಸು?"

"ಮಲಗೈತೆ. ಇಷ್ಟು ಸದ್ದಲ್ಲೂ ಮಲಗೈತೆ, ನಿನ್ನಂಗೆ."

ಅಷ್ಟರಲ್ಲಿ ಕಟ್. ಮಾಲತಿ ಕೇಳಿದಳು, ಏನಂದ್ರು. ನೆನಪಿತ್ತು. ಎಲ್ಲಾ ನೆನಪಿತ್ತು. ಬಾಯಿ ಬರಲಿಲ್ಲ ಅಷ್ಟೇ.

17 ಏಪ್ರಿಲ್, ಸೋಮವಾರ

ಬೆಳಿಗ್ಗೆ 7.20 — ಭಾಗ್ಯಳ ಫೋನು. ಎರಡು ನಿಮಿಷ. ಕರೆಂಟಿಲ್ಲ. ನೀರಿನ ಮೋಟರು ಓಡುವುದಿಲ್ಲ. ಸುಬ್ರಮಣಿ ಮನೆಯಲ್ಲಿಲ್ಲ. ರಿಗ್ ಜೊತೆ ಸೈಟಿಗೆ ಹೋದವನು. ಒಂದು ದಿನದ ದಾರಿ. ಅಲ್ಲಿ ಗಲಾಟೆ ಇಲ್ಲವಂತೆ, ಆದರೆ ಪಟ್ಟಣಕ್ಕೆ ಬರುವ ರಸ್ತೆ ಮುಚ್ಚಿದ್ದಾರೆ. ಅಂದರೆ ಆ ಮನೆಯಲ್ಲಿ ಇಬ್ಬರು ಹೆಂಗಸರು, ಒಂದು ಕೂಸು. ಕೆಳಗೆ ಕಂಪನಿಯ ವಾಚ್‌ಮನ್, ಆ ದೇಶದವನೇ, ಅವನ ಹೆಂಡತಿ.

ಫೋನನ್ನು ವಾಚ್‌ಮನ್ ಕಾರಿನ ಬ್ಯಾಟರಿಯಲ್ಲಿ ಚಾರ್ಜ್ ಹಾಕುತ್ತಾರೆ. ದಿನಕ್ಕೆ ಒಂದೇ ಫೋನು, ಎರಡೇ ನಿಮಿಷ ಎಂದು ಮಾಲತಿ ಕಟ್ಟಳೆ ಮಾಡಿದಳು. "ಎಲ್ಲಾ ನಿನ್ ಇಷ್ಟಾನಾ?" ಎಂದು ಬೈದೆ. ಆಮೇಲೆ ಸರಿ ಅನ್ನಿಸಿತು. ಅವಳಿಗೆ ಹೇಳಲಿಲ್ಲ.

19 ಏಪ್ರಿಲ್, ಬುಧವಾರ

ನಿನ್ನೆ ಫೋನಿಲ್ಲ. ಇವತ್ತು 11.05ಕ್ಕೆ ಬಂತು. ಮಾರಕ್ಕ.

ಪಕ್ಕದ ಕಟ್ಟಡದ ಮೇಲೆ ಏನೋ ಬಿತ್ತಂತೆ. ಹಾಸಿಗೆ ಎತ್ತಿ ಕಿಟಕಿಗೆ ನಿಲ್ಲಿಸಿದ್ದಾರೆ. ಬಚ್ಚಲಿಗೆ ಕಿಟಕಿ ಇಲ್ಲ, ಅದಕ್ಕೆ ಮೂವರೂ ಬಚ್ಚಲಲ್ಲೇ ಇರುವುದು.

"ಬಾಣಂತಿ ನೆಲದ ಮ್ಯಾಲಾ ಮಲಗ್ತಾಳೆ?" ಅಂದೆ.

"ಇಲ್ಲ, ಪಲ್ಲಕ್ಕಿ ಐತೆ. ನಾಕು ಜನ ಒರ್ತಾವ್ರೆ."

ಇವಳ ಬಾಯಿ ಅಲ್ಲಿ ಹೋದರೂ ಸುಮ್ಮನಿಲ್ಲ. ಆದರೆ ದನಿ ಸಣ್ಣಗಿತ್ತು. ಮೂಲೆಯಲ್ಲಿ ಬಾಯಿಗೆ ಸೆರಗು ಹಿಡಿದು ಮಾತಾಡಿದ ಹಾಗೆ. ನಲವತ್ತೈದು ವರ್ಷ ಕಂಡಿದ್ದೇನೆ, ಅವಳು ಹೆದರಿದರೆ ಹೀಗೆ ಕುಹಕ ಜಾಸ್ತಿಯಾಗುತ್ತದೆ.

ವಾಚ್‌ಮನ್ ಹೆಂಡತಿ ನದಿಯ ನೀರು ತಂದು ಕೊಡುತ್ತಾಳಂತೆ. ಮಾತು ಹೇಗೆ ಅಂದೆ. "ಅವ್ಳು ಅವ್ಳ ಮಾತು ಆಡ್ತಾಳೆ, ನಾನು ನನ್ ಮಾತು ಆಡ್ತೀನಿ. ನೆನ್ನೆ ಇಬ್ರೂ ಕುಂತು ಅತ್ವಿ."

ಮಂದೆ ಹೊಡೆದುಕೊಂಡು ಹೋದೆ. ಎರಡು ಹೊಲದಾಚೆ ಬಾವಿಗೆ ಮದ್ದು ಹಾರಿಸಿದರು. ಕುರಿ ತಲೆ ಎತ್ತಿ ನೋಡಿ ಮೇಯತೊಡಗಿದವು. ನಾನು ಮಾತ್ರ ನೆಲಕ್ಕೆ ಕೂತುಬಿಟ್ಟಿದ್ದೆ.

21 ಏಪ್ರಿಲ್, ಶುಕ್ರವಾರ

ಫೋನಿಲ್ಲ.

22 ಏಪ್ರಿಲ್, ಶನಿವಾರ. ಮಧ್ಯಾಹ್ನ

ಫೋನಿಲ್ಲ. ಮಾಲತಿ ಇಪ್ಪತ್ತು ಸಲ ಮಾಡಿದಳು. ಯಾವಳೋ ಅರಬ್ಬಿಯಲ್ಲಿ ಏನೋ ಹೇಳುತ್ತಾಳೆ, ಒಂದೇ ಮಾತು, ಮತ್ತೆ ಮತ್ತೆ. ಮಗ ಗೋವಿಂದರಾಜ್ ಅಸ್ಸಾಂ ಕಡೆ ಲೋಡ್ ತೆಗೆದುಕೊಂಡು ಹೋಗಿದ್ದಾನೆ. ಅವನೂ ದಾರಿಯುದ್ದಕ್ಕೂ ಇದನ್ನೇ ಕೇಳುತ್ತಾನೆ.

ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಎದೆಯಲ್ಲಿ ಕೂತುಕೊಂಡು ಬಿಡುತ್ತಿಲ್ಲ.

ಒಂಬತ್ತನೇ ತಾರೀಕಿಗೆ ಟಿಕೆಟ್ ಇತ್ತು. ತಾಯಿ, ಮಗಳು, ಕೂಸು ಒಂಬತ್ತಕ್ಕೆ ಹೊರಟು ಹತ್ತಕ್ಕೆ ಊರಲ್ಲಿರಬೇಕಿತ್ತು. ಯುದ್ಧ ಶುರುವಾದದ್ದು ಹದಿನೈದಕ್ಕೆ. ಐದು ದಿನ ಮುಂಚೆ ಈ ಜಗಲಿಯಲ್ಲಿ ಕೂಸು ಎಣ್ಣೆ ಹಚ್ಚಿಸಿಕೊಂಡು ಅಳುತ್ತಿರಬೇಕಿತ್ತು.

ತಪ್ಪಿಸಿದವನು ನಾನು.

ಮಾರ್ಚಿನಲ್ಲಿ ಸುಬ್ರಮಣಿ ಫೋನ್ ಮಾಡಿದ. "ಮಾಮಾ, ಕೂಸಿಗೆ ಪಾಸ್‌ಪೋರ್ಟ್ ಮಾಡಿಸ್ಬೇಕು. ಎಸ್ರು ಯೋಳಿ" ಅಂದ. ಆಸ್ಪತ್ರೆ ಕಾಗದದಲ್ಲಿ ಭಾಗ್ಯಲಕ್ಷ್ಮಿಯ ಹೆಣ್ಣು ಮಗು ಅಂತ ಮಾತ್ರ ಇದೆಯಂತೆ. ನಮ್ಮ ವಂಶದಲ್ಲಿ ಹಾಗೆಲ್ಲ ಹೆಸರು ಇಡುವುದಿಲ್ಲ. ಚೊಚ್ಚಲ ಕೂಸನ್ನು ತಾಯಿಯ ತಂದೆ ಬೀರಪ್ಪ ದೇವರ ಎದುರು ಕರಿ ಕಂಬಳಿ ಮೇಲೆ ಮಲಗಿಸಬೇಕು. ದೇವರ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸುತ್ತಾರೆ. ಹೆಸರು ಹೇಳಿ ಕೇಳಬೇಕು. ಬಲಗಡೆ ಹೂ ಬಿದ್ದರೆ ಆ ಹೆಸರು. ಎಡಗಡೆ ಬಿದ್ದರೆ ಬೇರೆ. ಅಲ್ಲಿಯವರೆಗೆ ಕೂಸು ಬರೀ ಕೂಸು. ಬಾಯಲ್ಲೂ ಕರೆಯಬಾರದು, ಕಾಗದದಲ್ಲೂ ಬರೆಯಬಾರದು.

"ಕೈಕೂಸಿಗೆ ಎಂತಾ ಪಾಸ್‌ಪೋರ್ಟ್‌ಲಾ? ತೊಡೆ ಮ್ಯಾಲಿನ ಕೂಸಿಗೆ ಬಸ್ಸಲ್ಲಿ ಟಿಕೆಟ್ ಕೇಳ್ತಾರಾ?" ಅಂದೆ.

"ಇದು ಧರ್ಮಪುರಿ ಬಸ್ಸಲ್ಲ ಮಾಮಾ."

"ಯಾವ್ ಬಸ್ಸಾದ್ರೂ ಆಗ್ಲಿ. ದ್ಯಾವ್ರ ಕೇಳ್ದೆ ಎಸ್ರು ಇಟ್ರೆ ನನ್ ಬಾಗ್ಲು ತುಳೀಬ್ಯಾಡ."

ಮೇ ತಿಂಗಳ ಅಮಾವಾಸ್ಯೆಗೆ ಬೀರಪ್ಪನ ಮೂರ್ತಿ ಇಟ್ಟ ಪೆಟ್ಟಿಗೆ ತೆಗೆಯುತ್ತಾರೆ, ಆಗ ಹೇಗಾದರೂ ಕೇಳಿ ಹೇಳುತ್ತೇನೆ, ಅಲ್ಲಿಯವರೆಗೆ ಇರಿ ಅಂದೆ. ಅವನು ಒಳ್ಳೆಯವನು. ಟಿಕೆಟ್ ಬಿಟ್ಟ. ಇನ್ನೊಬ್ಬನಾಗಿದ್ದರೆ ಸುಮ್ಮನೆ ಒಂದು ಹೆಸರು ಬರೆಸಿ ಹೆಂಡತಿ ಮಗುವನ್ನು ವಿಮಾನ ಹತ್ತಿಸುತ್ತಿದ್ದ. ನನ್ನ ಮಾತಿಗೆ ಬೆಲೆ ಕೊಟ್ಟದ್ದಕ್ಕೆ ಅವರು ಈಗ ಬಚ್ಚಲಲ್ಲಿದ್ದಾರೆ.

24 ಏಪ್ರಿಲ್, ಸೋಮವಾರ

ಬೆಳಿಗ್ಗೆ 9.30 — ಬದುಕಿದ್ದಾರೆ. ಭಾಗ್ಯ. ಮೂರು ದಿನ ನೆಟ್‌ವರ್ಕ್ ಇರಲಿಲ್ಲವಂತೆ. ಅಳುತ್ತಿದ್ದಳು. ನಾನು ಗದರಿದೆ, ಅಳುತ್ತಾ ಎರಡು ನಿಮಿಷ ಹಾಳು ಮಾಡಬೇಡ ಅಂತ. ಫೋನಿಟ್ಟ ಮೇಲೆ ನಾನು ಹಟ್ಟಿಯ ಹಿಂದೆ ಹೋದೆ.

ಟಿವಿಯಲ್ಲಿ ಬಂತು. ನಮ್ಮ ಸರ್ಕಾರ ಜನರನ್ನು ಕರೆತರುತ್ತದಂತೆ. ಖಾರ್ಟೂಮಿನಿಂದ ಬಸ್ಸು, ಪೋರ್ಟ್ ಸುಡಾನ್ ಅನ್ನುವ ಸಮುದ್ರದ ಊರಿಗೆ. ಅಲ್ಲಿಂದ ಹಡಗು, ಆಚೆ ದಡ ಜೆದ್ದಾ. ಅಲ್ಲಿಂದ ವಿಮಾನ. ಆಪರೇಷನ್ ಕಾವೇರಿ ಅಂತ ಹೆಸರು. ನಮ್ಮ ಮೆಟ್ಟೂರಿನ ಕಾವೇರಿಯೇ. ಹಡಗಿನ ಓಡಾಟಕ್ಕೂ ಒಂದು ಹೆಸರಾಯಿತು.

ಸುಬ್ರಮಣಿ ರಿಗ್ ಹುಡುಗರ ಜೊತೆ ಲಾರಿಯಲ್ಲಿ ಆ ಸಮುದ್ರದ ಊರಿಗೆ ತಲುಪಿದ್ದಾನೆ. ಅಲ್ಲಿಂದ ಒಳಗೆ ಬರಲು ಬಿಡುತ್ತಿಲ್ಲ. ಇವರೇ ಬಸ್ಸಿನಲ್ಲಿ ಹೋಗಬೇಕು.

ಮಾಲತಿ ಫೋನಿನಲ್ಲಿ ಫಾರಂ ತುಂಬಿದಳು. ಮಾರಕ್ಕ, ಆಯಿತು. ಭಾಗ್ಯಲಕ್ಷ್ಮಿ, ಆಯಿತು. ಮೂರನೆಯದಕ್ಕೆ ಬಂದು ಬೆರಳು ಎತ್ತಿ ನನ್ನ ಮುಖ ನೋಡಿದಳು. ಹೆಸರು ತುಂಬದಿದ್ದರೆ ಫಾರಂ ಮುಂದೆ ಹೋಗುವುದಿಲ್ಲ.

ಹೆಲ್ಪ್‌ಲೈನಿಗೆ ಫೋನ್ ಮಾಡಿದೆವು. 12.15. ತಮಿಳು ಹೆಂಗಸು. ತಾಳ್ಮೆಯವಳು. ಕೂಸಿನ ಹೆಸರು ಹೇಳಿ ಅಂದಳು.

"ಐಯಾ, ಕುಳಂದೈ ಪೇರ್ ಸೊಲ್ಲುಂಗ."

"ಪೇರ್ ಇಲ್ಲಮ್ಮಾ."

"ಪೇರ್ ಇಲ್ಲಾಮ ಎಪ್ಪಡಿ ಐಯಾ?"

ಹೆಸರಿಲ್ಲದೆ ಕಾಗದ ಬರೆಯಲಾಗದು. ಕಾಗದ ಇಲ್ಲದೆ ಹಡಗು ಹತ್ತಿಸಲಾಗದು. ಈಗ ಯಾವುದಾದರೊಂದು ಹೆಸರು ಕೊಡಿ, ಊರಿಗೆ ಬಂದ ಮೇಲೆ ಬದಲಾಯಿಸಿಕೊಳ್ಳಿ ಅಂದಳು. ಅವಳಿಗೆ ಏನು ಗೊತ್ತು. ನನಗೆ ರೇಗಿತು. ಕೂಗಿದೆ. ಮಾಲತಿ ಫೋನು ಕಿತ್ತುಕೊಂಡು, "ಮನ್ನಿಚ್ಚಿಡುಂಗ ಮೇಡಂ, ಪೆರಿಯವರು" ಎಂದು ನನ್ನ ವಯಸ್ಸಿನ ನೆಪ ಹೇಳಿ ಕ್ಷಮೆ ಕೇಳಿದಳು. ಬುಧವಾರ ಸಂಜೆಯೊಳಗೆ ಹೆಸರು ಕೊಟ್ಟರೆ ಗುರುವಾರದ ಬಸ್ಸು.

"ಕಾವೇರಿ ಅಂತಾನೇ ಇಡಿ ಮಾಮಾ. ಚೆನ್ನಾಗೈತೆ" ಅಂದಳು ಮಾಲತಿ.

"ಬಾಯ್ ಮುಚ್ಕಂಡಿರು."

ಅವಳು ತಿರುಗಿ ಹೇಳಿದಳು, "ನಾನು ಮುಚ್ತೀನಿ. ಅಲ್ಲಿ ಬಾಂಬ್ ಆಕೋರು ಮುಚ್ತಾರಾ?"

ಈ ಮನೆಗೆ ಬಂದು ಹನ್ನೆರಡು ವರ್ಷ. ಇವತ್ತೇ ಮೊದಲು ಎದುರು ಮಾತಾಡಿದ್ದು.

25 ಏಪ್ರಿಲ್, ಮಂಗಳವಾರ. ಸಂಜೆ 5

ಬೀರಪ್ಪನ ಗುಡಿಗೆ ಹೋಗಿದ್ದೆವು. ಗುಡ್ಡದ ಕೆಳಗೆ, ಮೂರು ಮೈಲಿ. ಪೂಜಾರಿ ಮುನಿವೆಂಕಟಪ್ಪ ನನ್ನ ದೊಡ್ಡಪ್ಪನ ಮಗ, ಎಂಬತ್ತು ದಾಟಿದವನು. ಮೊದಲು ಒಪ್ಪಲಿಲ್ಲ.

"ಪೆಟ್ಟಿಗೆ ತೆಗೆಯೋ ಕಾಲ ಅಲ್ಲ ಇದು. ಮ್ಯಾಲಾಗಿ ಕೂಸೇ ಇಲ್ಲ. ಎದುರಿಗಿಲ್ಲದ ಕೂಸಿಗೆ ದ್ಯಾವ್ರು ಎಂಗ್ಲಾ ಎಸ್ರು ಕೊಡ್ತಾನೆ, ಗೋಪಾಲ?"

"ಎಸ್ರು ಕೊಟ್ರೆ ತಾನೇ ಅಣ್ಣಾ ಕೂಸು ಎದುರಿಗೆ ಬರಾದು?"

"ಕೂಸು ಬಂದ್ರೆ ತಾನೇ ಎಸ್ರು ಕೊಡಾದು?"

ಬಿಸಿಲು. ಕೊನೆಗೆ ಅವನೇ ಕೇಳಿದ, ಕೂಸಿನ ಪಟ ಇದೆಯಾ ಅಂತ. ಮಾಲತಿ ಫೋನಿನಲ್ಲಿ ಇತ್ತು. ಹುಟ್ಟಿದ ಹತ್ತನೇ ದಿನದ್ದು. ಕಂಬಳಿ ಹಾಸಿ, ನಡುವೆ ಫೋನು ಇಟ್ಟೆವು. ಮಂದೆ ಕಾಯುವ ನಮ್ಮವರು ಅಲ್ಲಿ ಏನೆಲ್ಲ ಇಟ್ಟಿದ್ದಾರೋ, ಫೋನು ಇಟ್ಟವನು ನಾನೊಬ್ಬನೇ. ಅದರ ಬೆಳಕು ಆರಿ ಆರಿ ಹೋಗುತ್ತದೆ. ಮಾಲತಿ ಪಕ್ಕದಲ್ಲಿ ಕೂತು ಬೆರಳಿನಿಂದ ಒತ್ತುತ್ತಲೇ ಇದ್ದಳು. ಕೂಸಿನ ಮುಖ ಬರುತ್ತದೆ, ಹೋಗುತ್ತದೆ.

ಹೂ ಅಂಟಿಸಿದರು. ನನ್ನ ತಾಯಿಯ ಹೆಸರು ಹೇಳಿ ಕೇಳಿದೆ. ಮುನಿಲಕ್ಷ್ಮಮ್ಮ. ಕಾದೆವು. ಬಲವೂ ಇಲ್ಲ, ಎಡವೂ ಇಲ್ಲ. ಬೇರೆ ಹೆಸರು ಹೇಳಿದೆ. ಮತ್ತೊಂದು. ಹತ್ತು ಗಂಟೆಗೆ ಕೂತವರು ಎರಡು ಗಂಟೆಯಾಯಿತು. ಒಣಗಿದ ಹೂವಿಗೆ ನೀರು ಚಿಮುಕಿಸಿ ಮತ್ತೆ ಕಾದೆವು. ಬೀಳಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ ದೇವರು. ಏನೂ ಅನ್ನಲಿಲ್ಲ.

"ಬಾಯಿ ಬಿಡ್ತಿಲ್ಲ ಕಣ್ಲಾ" ಅಂದ ಮುನಿವೆಂಕಟಪ್ಪ. ಅವನ ಕಣ್ಣಲ್ಲಿ ನೀರಿತ್ತು. ನಾನು ಅವನನ್ನೂ ಬೈದೆ, ದೇವರನ್ನೂ ಬೈದೆ. ಫೋನಿನ ಚಾರ್ಜ್ ಮುಗಿದು ಹೋಗಿತ್ತು. ಎತ್ತಿಕೊಂಡು ಬಂದೆವು.

ನಾಳೆ ಬುಧವಾರ.

ಯಾಕಿಷ್ಟು ಹಟ ಅಂತ ಮಾಲತಿ ದಾರಿಯಲ್ಲಿ ಕೇಳಿದಳು. ಹೇಳಲಿಲ್ಲ. ಇಲ್ಲಿ ಬರೆಯುತ್ತೇನೆ, ಯಾರೂ ಓದುವುದಿಲ್ಲ.

ಗೋವಿಂದರಾಜನಿಗಿಂತ ಮುಂಚೆ ಒಂದು ಹೆಣ್ಣು ಕೂಸು ಹುಟ್ಟಿತ್ತು. ಚೊಚ್ಚಲು. ಮಾರಕ್ಕನ ಅಪ್ಪ ಇನ್ನೂ ಬಂದಿರಲಿಲ್ಲ, ದೇವರನ್ನು ಕೇಳಿರಲಿಲ್ಲ. ಸರ್ಕಾರಿ ಆಸ್ಪತ್ರೆಯ ಗುಮಾಸ್ತ ರಿಜಿಸ್ಟರು ಚಾಚಿ ಹೆಸರು ಕೇಳಿದ. ನಮ್ಮ ಹಟ್ಟಿಯಲ್ಲಿ ಆಗ ಅಕ್ಷರ ಬರೆಯಲು ಬರುತ್ತಿದ್ದವನು ನಾನೊಬ್ಬನೇ. ಜಂಬ. ಗುಮಾಸ್ತನ ಕೈಯಿಂದ ಪೆನ್ನು ತೆಗೆದುಕೊಂಡು ನಾನೇ ಬರೆದೆ. ಕನ್ನಡದಲ್ಲಿ. ಅವನು ನಕ್ಕು ಪಕ್ಕದಲ್ಲಿ ತಮಿಳಲ್ಲಿ ಬರೆದುಕೊಂಡ. ಕೂಸು ಇಪ್ಪತ್ತೆರಡು ದಿನ ಇತ್ತು.

ಮಾರಕ್ಕ ನನಗೆ ಒಂದು ಮಾತೂ ಅನ್ನಲಿಲ್ಲ. ಅವಳಪ್ಪ ಅಂದ. "ನಿನ್ ಕೈ ಯಾಕ್ಲಾ ಅಷ್ಟು ಕಡೀತಿತ್ತು?" ಅಂದ. ಆಮೇಲೆ ನಾನು ಸಹಿ ಬಿಟ್ಟು ಇನ್ನೇನೂ ಬರೆದವನಲ್ಲ. ಈ ಡೈರಿಯವರೆಗೆ.

26 ಏಪ್ರಿಲ್, ಬುಧವಾರ

ಬೆಳಿಗ್ಗೆಯಿಂದ ಫೋನು ಹಿಡಿದುಕೊಂಡು ಕೂತಿದ್ದೆ. ಮಂದೆ ಬಿಡಲಿಲ್ಲ. ಕುರಿ ಹಟ್ಟಿಯಲ್ಲೇ ಸೊಪ್ಪು ತಿಂದವು. ಒಂದು ಹೆಸರು ಕೊಡಲೇಬೇಕು ಎಂದು ತೀರ್ಮಾನ ಮಾಡಿದ್ದೆ. ನಾಲಗೆಯ ತುದಿಗೆ ಬರುತ್ತದೆ, ಹಿಂದೆ ಹೋಗುತ್ತದೆ. ಕೊಟ್ಟರೆ ಇಪ್ಪತ್ತೆರಡು ದಿನ. ಕೊಡದಿದ್ದರೆ ಆ ಬಚ್ಚಲು.

2.10 — ಮಾರಕ್ಕ.

ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು. "ಗೋಯಿಂದ್ನಪ್ಪಾ, ಎಸ್ರು ಕೊಟ್ಟಾಯ್ತು."

"ಯಾರು?"

"ನಾನು. ಇಂಡಿಯಾ ಆಫೀಸ್ನೋರು ಫೋನ್ ಮಾಡಿದ್ರು. ಕೊಟ್ಟೆ. ನಾಳೆ ಬಸ್ಸು."

"ಏನಂತ ಕೊಟ್ಟೆ?"

ದೂರದಲ್ಲಿ ದಡ ದಡ ಸದ್ದು ಕೇಳುತ್ತಿತ್ತು.

"ಮಾರೀ, ಏನಂತ ಕೊಟ್ಟೆ ಯೋಳೇ."

"ಯೋಳಕಿಲ್ಲ. ನಿಂಗೆ ತಿಳೀದಂಗೇ ಇರ್ಲಿ. ದ್ಯಾವ್ರಿಗೆ ಸಿಟ್ಟು ಬಂದ್ರೆ ನನ್ ಮ್ಯಾಲೆ ಬರ್ಲಿ. ಮಾಲ್ತಿ ಅಂದ್ಳು, ನೀನು ಪುಸ್ತಕದಾಗೆ ಎಲ್ಲಾ ಬರೀತಿದೀಯಂತೆ."

"ಅದಕ್ಕೇನೀಗ?"

"ಇದೊಂದು ಎಸ್ರು ನಿನ್ ಕೈಲಿ ಬರ್ಯೋದು ಬ್ಯಾಡ."

ಕಟ್.

ನಲವತ್ತೆರಡು ವರ್ಷ ಅವಳು ಅನ್ನದೆ ಇಟ್ಟುಕೊಂಡದ್ದು ಇದು. ಅಂದಳು. ನ್ಯಾಯ. ಆದರೂ ಅವಳು ಹೆಸರು ಕೊಟ್ಟಾಯಿತು ಅಂದಾಗ ನನ್ನ ಹೆಗಲಿನಿಂದ ಮೂಟೆ ಇಳಿದ ಹಾಗಾಯಿತು. ಅದನ್ನು ಅವಳ ಹೆಗಲಿಗೆ ಹಾಕಿ ಹಗುರಾದೆ. ಇಂಥವನು ನಾನು.

27 ಏಪ್ರಿಲ್, ಗುರುವಾರ

ಬೆಳಿಗ್ಗೆ 8 — ಭಾಗ್ಯಳ ಮೆಸೇಜು, ಮಾಲತಿ ಓದಿದಳು. "ಬಸ್ ಹತ್ತಿದೆವು." ಎಂಟುನೂರು ಕಿಲೋಮೀಟರ್ ಮೇಲಂತೆ. ಇಲ್ಲಿಂದ ಮುಂಬಯಿ ದಾರಿಯ ಮುಕ್ಕಾಲು. ದಾರಿಯುದ್ದಕ್ಕೂ ಬಂದೂಕಿನವರು ನಿಲ್ಲಿಸಿ ನೋಡುತ್ತಾರಂತೆ.

ಮತ್ತೆ ಏನೂ ಇಲ್ಲ.

28 ಏಪ್ರಿಲ್, ಶುಕ್ರವಾರ

ಏನೂ ಇಲ್ಲ. ಸುಬ್ರಮಣಿಗೆ ಮೂರು ಸಲ ಮಾಡಿದೆವು. ಬಸ್ಸು ಇನ್ನೂ ಬಂದಿಲ್ಲ ಅಂದ. ನಾಲ್ಕನೆಯ ಸಲ ಅವನು ಫೋನು ಎತ್ತಲಿಲ್ಲ. ಯಾಕೆ ಎತ್ತಲಿಲ್ಲ?

ಹೆಲ್ಪ್‌ಲೈನಿಗೆ ಮಾಡಿದೆ. ಬೇರೆ ಹುಡುಗಿ. ಹೆಸರು ಹೇಳಿ, ಲಿಸ್ಟ್ ನೋಡುತ್ತೇನೆ ಅಂದಳು. ಮಾರಕ್ಕ, ಭಾಗ್ಯಲಕ್ಷ್ಮಿ ಅಂದೆ. ಮಗುವಿನ ಹೆಸರು ಅಂದಳು. ಗೊತ್ತಿಲ್ಲ ಅಂದೆ. "ನೀಂಗ ಯಾರು ಐಯಾ ಅವಂಗಳುಕ್ಕು?" — ನೀವು ಅವರಿಗೆ ಏನಾಗಬೇಕು ಅಂತ ಕೇಳಿದಳು. ಮೊಮ್ಮಗಳ ಹೆಸರು ಗೊತ್ತಿಲ್ಲದ ಅಜ್ಜ ಅಂತ ಹೇಳಲೇ? ಫೋನಿಟ್ಟೆ.

29 ಏಪ್ರಿಲ್, ಶನಿವಾರ. 12.30

ತಲುಪಿದರು. ಮೂವರೂ. ಸುಬ್ರಮಣಿಯೂ ಜೊತೆಗಿದ್ದಾನೆ. ಒಂದು ಸ್ಕೂಲಿನಲ್ಲಿ ಎಲ್ಲರನ್ನೂ ಇಟ್ಟಿದ್ದಾರೆ. ಬಸ್ಸು ಒಂದು ಕಡೆ ಕೆಟ್ಟು ಇಡೀ ದಿನ ಬಿಸಿಲಲ್ಲಿ ನಿಂತಿತ್ತಂತೆ.

ಮಾಲತಿ ಫೋನಿಗೆ ಮುತ್ತು ಕೊಟ್ಟಳು. ನಾನು ಅವಳನ್ನು ಬೈಯಲಿಲ್ಲ.

ಆಮೇಲೆ ಭಾಗ್ಯ ಅಂದಳು, "ಅಪ್ಪಾ, ಕೂಸಿಗೆ ಮೈ ಸುಡ್ತೈತೆ. ನೆನ್ನೆಯಿಂದ. ಆಲು ಕುಡೀತಿಲ್ಲ. ಕುಡ್ದಿದ್ದೂ ಕಕ್ತೈತೆ."

ಬುಧವಾರ ಹೆಸರು. ಶುಕ್ರವಾರ ಜ್ವರ.

"ನಿಮ್ಮವ್ವಂಗೆ ಕೊಡು" ಅಂದೆ.

ಮಾರಕ್ಕ ಬಂದಳು. "ಏನ್ ಕೇಳ್ತೀಯ ಅಂತ ಗೊತ್ತು. ಬಿಸ್ಲಿಗೆ ಬಂದ ಜ್ವರ ಇದು. ಬಸ್ಸಲ್ಲಿ ಎಲ್ಲಾ ಕೂಸಿಗೂ ಬಂದೈತೆ."

"ಎಲ್ಲಾ ಕೂಸಿಗೂನಾ?"

"ಇನ್ನೊಂದು ಕೂಸಿಗೆ."

ಕುಹಕ ಇಲ್ಲ, ಬೈಗುಳ ಇಲ್ಲ. ಅದಕ್ಕೇ ಹೆಚ್ಚು ಭಯವಾಯಿತು.

30 ಏಪ್ರಿಲ್, ಭಾನುವಾರ

ಹಡಗು ಹೋಯಿತು. ಇವರು ಹತ್ತಲಿಲ್ಲ. ಕೂಸನ್ನು ನೋಡಿದ ಡಾಕ್ಟರು ಇಂಥ ಸ್ಥಿತಿಯಲ್ಲಿ ಸಮುದ್ರ ಬೇಡ ಅಂದರು. ಲಿಸ್ಟಿನಲ್ಲಿ ಹೆಸರಿತ್ತು, ಕಾಗದ ಇತ್ತು, ಎಲ್ಲಾ ಇತ್ತು.

ಮುನಿವೆಂಕಟಪ್ಪನ ಹತ್ತಿರ ಒಬ್ಬನೇ ಹೋದೆ. ಕೇಳದೆ ಹೆಸರಿಟ್ಟ ತಪ್ಪಿಗೆ ಏನು ಮಾಡಬೇಕು ಅಂದೆ. ಎಲ್ಲಾ ಹೇಳಿದೆ. ಅವನು ಎಲೆ ಅಡಿಕೆ ಉಗಿದು ಬಂದು ಕೂತ.

"ಗೋಪಾಲ, ಐವತ್ತು ವರ್ಸ ನಾನು ಈ ಊವು ಅಂಟಿಸ್ತಾ ಇವ್ನಿ. ಬಿಸ್ಲು ಜಾಸ್ತಿ ಇದ್ರೆ ಬೇಗ ಬೀಳಲ್ಲ. ಗಾಳಿ ಬಂದ್ರೆ ಬೇಗ ಬೀಳ್ತದೆ. ನಂಗೆ ಗೊತ್ತಿರಾದು ಅಷ್ಟೇ."

"ಮತ್ತೆ ನನ್ ಕೂಸು? ಆಗ ಓಯ್ತಲ್ಲಾ, ಅದು?"

"ಆ ವರ್ಸ ನಮ್ ಅಟ್ಟೀಲಿ ನಾಕು ಕೂಸು ಓದ್ವು. ಮೂರಕ್ಕೆ ಎಸ್ರೇ ಇರ್ಲಿಲ್ಲ. ನಿಂದೊಂದೇ ನಿನ್ ಕಣ್ಣಿಗೆ ಕಂಡಿದ್ದು."

ಇದನ್ನು ಅವನು ನಲವತ್ತು ವರ್ಷದ ಹಿಂದೆ ಹೇಳಬಾರದಿತ್ತೇ? ಕೇಳಿದೆ. ನೀನು ಕೇಳಲಿಲ್ಲ, ಕೂಗಾಡಿದೆ ಅಂದ.

ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಮಾರ್ಚಿನಲ್ಲಿ ಇದು ತಿಳಿದಿದ್ದರೆ ಒಂಬತ್ತನೇ ತಾರೀಕಿನ ವಿಮಾನ. ದೇವರದಲ್ಲ ಅಂದರೆ ಇದೆಲ್ಲಾ ಪೂರ್ತಿ ನನ್ನದೇ. ದೇವರದ್ದು ಅಂದರೆ ಮಾರಕ್ಕನ ಮೇಲೆ.

1 ಮೇ, ಸೋಮವಾರ. ಮಧ್ಯಾಹ್ನ 3

ಇವತ್ತು ಮಾಲತಿ ಬರೆಯಿರಿ ಅನ್ನಲಿಲ್ಲ. ನಾನೇ ತೆಗೆದೆ.

9.15 — ಸುಬ್ರಮಣಿ. ಕೂಸನ್ನು ಅಲ್ಲಿನ ಆಸ್ಪತ್ರೆಯಲ್ಲಿ ಮಲಗಿಸಿದ್ದಾರೆ. ಕೈಯಲ್ಲಿ ನರ ಸಿಗದೆ ತಲೆಗೆ ಚುಚ್ಚಿ ಗ್ಲೂಕೋಸ್ ಹಾಕಿದ್ದಾರೆ. ಜ್ವರ ಇಳಿದಿಲ್ಲ. ಅವನಿಗೆ ಸಿಕ್ಕಿದ ಸುದ್ದಿ ಪ್ರಕಾರ ಇವರನ್ನು ಹತ್ತಿಸುವ ಹಡಗು ಗುರುವಾರ ಸಂಜೆ. ಅದರಾಚೆ ಇನ್ನೊಂದು ಬರುತ್ತದೋ ಇಲ್ಲವೋ ಯಾರಿಗೂ ತಿಳಿಯದು.

"ಕಣ್ ಬಿಡ್ತೈತಾ?" ಅಂದೆ.

"ಬಿಡ್ತೈತೆ ಮಾಮಾ. ಅಲ್ಲಿ ಒಬ್ರು ನರ್ಸಮ್ಮ ಅವ್ರೆ. ಕಾಗ್ದ ನೋಡಿ ಎಸ್ರಿಡ್ದು ಕರೀತಾರೆ. ಅವ್ರ ಬಾಯಲ್ಲಿ ಎಸ್ರು ಸರಿಯಾಗಿ ಬರಲ್ಲ. ಆದ್ರೂ ಕೂಸು ಅತ್ಲಾಗೆ ತಿರುಗಿ ನೋಡ್ತೈತೆ. ನೆನ್ನೆ ಮೂರು ಸಲ ತಿರುಗ್ತು."

ಹೆಸರು ಏನು ಅಂತ ಕೇಳಲು ಬಾಯಿ ಬಂತು. ಕೇಳಲಿಲ್ಲ. ಅವನೂ ಹೇಳಲಿಲ್ಲ. ಅತ್ತೆ ಬೇಡ ಅಂದಿರಬೇಕು.

ಬೀರಪ್ಪ, ಇನ್ನು ಇದು ನಿನಗೆ. ಅರ್ಜಿ ಅಂದುಕೋ, ಜಗಳ ಅಂದುಕೋ. ನೀನು ಇದ್ದೀಯೋ, ಬರೀ ಬಿಸಿಲು ಗಾಳಿಯೋ, ನನಗೆ ತಿಳಿಯದು. ಇದ್ದರೆ ಕೇಳು. ಹೆಸರು ಕೊಟ್ಟವಳು ಮಾರಕ್ಕ. ಕೊಡುವ ಹಾಗೆ ಮಾಡಿದವನು ನಾನು. ಅವಳ ಮೇಲೆ ಬರಬೇಡ. ಸಿಟ್ಟಿದ್ದರೆ ಇಲ್ಲಿಗೆ ಬಾ, ಮೂರು ಮೈಲಿ. ಅಷ್ಟು ದೂರ ಸಮುದ್ರದವರೆಗೆ ಹೋಗಬೇಡ. ಅರವತ್ತೊಂಬತ್ತು ವರ್ಷದ ಮೈ ಇಲ್ಲಿ ಕೂತಿದೆ, ಏನು ಬೇಕೋ ತೆಗೆದುಕೋ. ಆ ಕೂಸು ತನ್ನ ಹೆಸರಿಗೆ ತಿರುಗಿ ನೋಡುತ್ತಿದೆ. ಅದನ್ನು ಕಿತ್ತುಕೊಳ್ಳಲು ಯಾರಿಗೂ ಹಕ್ಕಿಲ್ಲ, ನಿನಗೂ ಇಲ್ಲ.

ಹೋದ ಮಂಗಳವಾರದ ಹಾಗೆ ಬಾಯಿ ಮುಚ್ಚಿಕೊಂಡು ಕೂರಬೇಡ. ಜ್ವರ ಇಳಿಯಬೇಕು. ಹಡಗು ನಾಲ್ಕನೇ ತಾರೀಕು, ಗುರುವಾರ, ಸಂಜೆ. ಅದರೊಳಗೆ ನನಗೆ ಉತ್ತರ ಬೇಕು.